ದೃಷ್ಟಿಗೆ ಸತ್ತ ಮೀನು

ಮನೆಗೆ ತಂದ ಮೀನು ವಾರದೊಳಗೆ ಸತ್ತರೆ ನಮ್ಮ ಕಡೆ ಅದಕ್ಕೊಂದು ಸಿದ್ಧ ಉತ್ತರವಿದೆ. "ಹೋಗ್ಲಿ ಬಿಡಕ್ಕ, ಮನೇಗೆ ಬರೋ ಕಂಟಕ ಮೀನಿಗೆ ಹೋಯ್ತು." ಚಿಕ್ಕಬಳ್ಳಾಪುರದಲ್ಲಿ ಕೇಳಿ, ಶಿಡ್ಲಘಟ್ಟದಲ್ಲಿ ಕೇಳಿ, ಚಿಂತಾಮಣಿ, ಗೌರಿಬಿದನೂರುಗಳಲ್ಲಿ ಕೇಳಿ, ಮಾತು ಇದೇ. ಮೀನು ಮಾರಿದವನೂ ಇದನ್ನೇ ಹೇಳುತ್ತಾನೆ, ಕೊಂಡವಳ ಅತ್ತೆಯೂ ಇದನ್ನೇ ಹೇಳುತ್ತಾಳೆ, ಟ್ಯಾಂಕು ಈಶಾನ್ಯದಲ್ಲೇ ಇರಲಿ ಎಂದು ಹೇಳಿ ದಕ್ಷಿಣೆ ತೆಗೆದುಕೊಂಡು ಹೋದ ವಾಸ್ತುವಿನವರೂ ಇದನ್ನೇ ಹೇಳುತ್ತಾರೆ. ಹೋದದ್ದು ನಾಲ್ಕು ಗೋಲ್ಡ್‌ಫಿಶ್, ಉಳಿದದ್ದು ಇಡೀ ಸಂಸಾರ. ಲೆಕ್ಕ ಹಾಕಿದರೆ ಲಾಭವೇ. ಮುಂದಿನ ಭಾನುವಾರ ಮತ್ತೆ ನಾಲ್ಕು ಮೀನು ಬರುತ್ತವೆ.

ಆ ಮೀನು ಯಾರ ಕಂಟಕವನ್ನೂ ಹೊತ್ತುಕೊಂಡು ಹೋಗಲಿಲ್ಲ. ತಾನೇ ಹೊರಹಾಕಿದ ವಿಷದಲ್ಲಿ ಉಸಿರುಕಟ್ಟಿ ಸತ್ತಿತು. ಮೀನು ತಿಂದ ಆಹಾರದ ಸಾರಜನಕ ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯಾ ಆಗಿ ನೀರಿಗೆ ಬರುತ್ತದೆ. ಕೆರೆಯಲ್ಲಾದರೆ ಅದನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳಿವೆ: ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ಕಡು ವಿಷ. ಮೂರನೆಯದನ್ನು ಮೀನು ಒಂದು ಮಟ್ಟದವರೆಗೆ ತಡೆದುಕೊಳ್ಳುತ್ತದೆ, ಆಗಾಗ ನೀರು ಬದಲಿಸಿದರೆ ಅದು ಕಡಿಮೆಯಾಗುತ್ತದೆ, ಗಿಡಗಳಿದ್ದರೆ ಅವೂ ಹೀರಿಕೊಳ್ಳುತ್ತವೆ. ಹೊಸ ಟ್ಯಾಂಕಿನಲ್ಲಿ ಈ ಜೀವಿಗಳು ಇರುವುದಿಲ್ಲ. ಫಿಲ್ಟರಿನ ಸ್ಪಂಜಿನಲ್ಲಿ, ಜಲ್ಲಿಯ ಮೇಲೆ, ಗಾಜಿನ ಒಳಮೈಯಲ್ಲಿ ಅವು ಅಂಟಿಕೊಂಡು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟು ದಿನ ಮೀನು ಬಿಡದೆ, ಅಮೋನಿಯಾ ಮಾತ್ರ ಉಣಿಸಿ ಅವನ್ನು ಬೆಳೆಸಿಕೊಳ್ಳುವುದಕ್ಕೆ ಮೀನು ಸಾಕುವವರು ಟ್ಯಾಂಕ್ ಸೈಕಲ್ ಮಾಡುವುದು ಎನ್ನುತ್ತಾರೆ. ನಮ್ಮ ಊರುಗಳಲ್ಲಿ ಟ್ಯಾಂಕು, ಜಲ್ಲಿ, ಪ್ಲಾಸ್ಟಿಕ್ ಗಿಡ, ಮೀನು ಎಲ್ಲವೂ ಒಂದೇ ಆಟೋದಲ್ಲಿ ಮನೆಗೆ ಬರುತ್ತವೆ.

ದೃಷ್ಟಿಯ ವಾದಕ್ಕೆ ಒಂದು ಸೊಗಸಿದೆ, ಅದು ಎಂದೂ ಸೋಲುವುದಿಲ್ಲ. ಮೀನು ಬದುಕಿದರೆ ಮನೆಯಲ್ಲಿ ದೋಷವಿಲ್ಲ. ಸತ್ತರೆ ದೋಷ ಕಳೆಯಿತು. ಎರಡೂ ಕಡೆ ಗೆಲ್ಲುವ ಮಾತನ್ನು ಒರೆಗೆ ಹಚ್ಚುವುದು ಹೇಗೆ ಎಂದು ನಮ್ಮ ಜಿಲ್ಲೆಯವರಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದ್ದರು. ದೊಡ್ಡ ದೊಡ್ಡವರ ಪವಾಡವನ್ನೇ ಪರೀಕ್ಷೆಗೆ ಕರೆದ ಮೇಷ್ಟರ ತಾಲ್ಲೂಕಿನಲ್ಲಿ ಒಂದು ಮೀನಿನ ಸಾವನ್ನು ಪರೀಕ್ಷಿಸಲು ನಮಗೇನು ಅಡ್ಡಿ? ಒಂದೇ ಮನೆ, ಒಂದೇ ಮೂಲೆ, ಒಂದೇ ಅಳತೆಯ ಎರಡು ಟ್ಯಾಂಕು ಇಡಿ. ಒಂದನ್ನು ತಿಂಗಳು ಮುಂಚಿನಿಂದ ಸೈಕಲ್ ಮಾಡಿರಿ, ಇನ್ನೊಂದಕ್ಕೆ ಇವತ್ತು ನೀರು ತುಂಬಿ. ಎರಡಕ್ಕೂ ಒಂದೇ ಅಂಗಡಿಯ, ಒಂದೇ ತೊಟ್ಟಿಯ ಮೀನು ಬಿಡಿ. ಬಂದು ಹೋಗುವವರ ಕಣ್ಣು ಎರಡರ ಮೇಲೂ ಬೀಳುತ್ತದೆ. ದೃಷ್ಟಿಯೇ ಕಾರಣವಾದರೆ ಎರಡರಲ್ಲೂ ಮೀನು ಸಾಯಬೇಕು. ಹೊಸ ನೀರಿನದರಲ್ಲಿ ಮಾತ್ರ ಸಾಯುತ್ತವೆ.

ಆ ಸಾವಿನ ವಾರವನ್ನು ಹತ್ತಿರದಿಂದ ನೋಡಿದವರಿಗೆ ಅದರ ಕ್ರಮ ಬಾಯಿಪಾಠವಾಗಿರುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕು. ಹಿಡಿಯುವುದು ಐವತ್ತು ಲೀಟರಿನ ಆಸುಪಾಸು. ಅದರಲ್ಲಿ ಎಂಟು ಹತ್ತು ಮೀನು. ಮೊದಲ ದಿನ ಮಕ್ಕಳು ಗಾಜಿಗೆ ಮೂಗು ಒತ್ತಿ ಕೂತಿರುತ್ತಾರೆ, ಬಂದವರೆಲ್ಲ ಒಂದೊಂದು ಚಿಟಿಕೆ ಆಹಾರ ಹಾಕುತ್ತಾರೆ. ಎರಡು ಮೂರನೇ ದಿನಕ್ಕೆ ನೀರು ಅಕ್ಕಿ ತೊಳೆದ ನೀರಿನಂತೆ ಮಸುಕಾಗುತ್ತದೆ. ಕೊಳೆಯುವ ಆಹಾರವನ್ನು ತಿನ್ನುವ ಬೇರೊಂದು ಬಗೆಯ ಬ್ಯಾಕ್ಟೀರಿಯಾ ಏಕಾಏಕಿ ಹೆಚ್ಚಿದ ಗುರುತು ಅದು. ಬಿಟ್ಟರೆ ತಾನಾಗಿ ತಿಳಿಯಾಗುತ್ತದೆ. ಮನೆಯವರು ಬಿಡುವುದಿಲ್ಲ. ಇಡೀ ಟ್ಯಾಂಕನ್ನು ಬಚ್ಚಲಿಗೆ ಒಯ್ದು, ಜಲ್ಲಿಯನ್ನು ಬಿಸಿನೀರಿನಲ್ಲಿ ತೊಳೆದು, ಸ್ಪಂಜನ್ನು ಸೋಪು ಹಾಕಿ ಹಿಂಡಿ, ಮತ್ತೆ ತುಂಬುತ್ತಾರೆ. ಶುರುವಾಗಿದ್ದ ಅಷ್ಟಿಷ್ಟೂ ಬಚ್ಚಲಿಗೆ ಹೋಯಿತು. ಐದಾರನೇ ದಿನ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತವೆ, ರೆಕ್ಕೆ ಮೈಗೆ ಅಂಟಿಸಿಕೊಂಡು ಮೂಲೆ ಹಿಡಿಯುತ್ತವೆ, ಕಿವಿರು ಕೆಂಪಗೆ ಊದಿಕೊಳ್ಳುತ್ತದೆ. "ನೋಡ್ರಪ್ಪ, ಹಸಿವಾಗಿ ಬಾಯಿ ಬಿಡ್ತಾ ಅವೆ" ಎಂದು ಯಾರೋ ಇನ್ನೊಂದು ಚಿಟಿಕೆ ಹಾಕುತ್ತಾರೆ. ಬೆಳಿಗ್ಗೆ ಒಂದು ತೇಲುತ್ತಿರುತ್ತದೆ. ಸತ್ತದ್ದನ್ನು ತಡವಾಗಿ ತೆಗೆದರೆ ಅದೂ ಕೊಳೆತು ಅಮೋನಿಯಾ ಹೆಚ್ಚಿಸುತ್ತದೆ, ಮರುದಿನ ಮೂರು.

ಆಗ ಅಂಗಡಿಗೆ ಓಟ. ಅಲ್ಲಿ ನೀಲಿ ಔಷಧಿ ಕೊಡುತ್ತಾರೆ, ಒಂದು ಹಿಡಿ ಕಲ್ಲುಪ್ಪು ಹಾಕಿ ಎನ್ನುತ್ತಾರೆ. ಸೋಜಿಗವೆಂದರೆ ಎಷ್ಟೋ ಸಲ ಮೀನು ಚೇತರಿಸಿಕೊಳ್ಳುತ್ತದೆ, ಅಂಗಡಿಯವನ ಮಾತಿಗೆ ಬೆಲೆ ಬರುವುದೂ ಅಲ್ಲೇ. ಇದಕ್ಕೆ ಕಾರಣವಿದೆ. ನೈಟ್ರೈಟ್ ಕಿವಿರಿನಿಂದ ಒಳಹೊಕ್ಕು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದ ರೂಪಕ್ಕೆ ತಿರುಗಿಸುತ್ತದೆ, ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡು ನೈಟ್ರೈಟ್ ಒಳಹೋಗುವ ದಾರಿಯನ್ನೇ ಅಡ್ಡಗಟ್ಟುತ್ತದೆ. ನೀಲಿ ಔಷಧಿ, ಅಂದರೆ ಮಿಥಿಲೀನ್ ಬ್ಲೂ, ಕೆಟ್ಟ ಹಿಮೋಗ್ಲೋಬಿನ್ನನ್ನು ಸರಿಯಾದ ರೂಪಕ್ಕೆ ತರಲು ನೆರವಾಗುತ್ತದೆ. ಹಾಗಾಗಿ ಅಂಗಡಿಯವನು ತಿಳಿಯದೆಯೇ ಸರಿಯಾದ ಮದ್ದು ಕೊಟ್ಟಿರುತ್ತಾನೆ. ಆದರೆ ಅದೇ ನೀಲಿ, ಆಗಷ್ಟೇ ಹುಟ್ಟುತ್ತಿದ್ದ ಉಪಕಾರಿ ಬ್ಯಾಕ್ಟೀರಿಯಾವನ್ನೂ ಹೊಡೆಯುತ್ತದೆ. ಇವತ್ತಿಗೆ ಮೀನು ಉಳಿಯಿತು, ಟ್ಯಾಂಕು ಮಾತ್ರ ಮೊದಲ ದಿನಕ್ಕೆ ಮರಳಿತು. ಮುಂದಿನ ವಾರ ಮತ್ತೆ ಕಾಯಿಲೆ, ಮತ್ತೆ ನೀಲಿ. ಬಕೆಟ್ಟಿನಲ್ಲಿ ಬೇರೆ ಇಟ್ಟು ಮಾಡಬೇಕಾದ ಚಿಕಿತ್ಸೆಯನ್ನು ಮನೆಯ ಟ್ಯಾಂಕಿಗೇ ಸುರಿಯುವ ಈ ಪದ್ಧತಿಯಿಂದ ಬದುಕುವುದು ಬಾಟಲಿ ವ್ಯಾಪಾರ ಮಾತ್ರ.

ತೊಳೆಯುವ ಚಟದ ಬಗ್ಗೆ ಇನ್ನೂ ಹೇಳಬೇಕು, ಯಾಕೆಂದರೆ ಅದು ನಮ್ಮ ಕಡೆ ಸೋಮಾರಿತನದಿಂದ ಬಂದದ್ದಲ್ಲ, ಶಿಸ್ತಿನಿಂದ ಬಂದದ್ದು. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಬೆಳೆಗಾರರ ಮನೆಯಲ್ಲಿ ಹುಟ್ಟಿದವರಿಗೆ ಗೊತ್ತು: ಒಂದು ಬೆಳೆ ಮುಗಿದು ಇನ್ನೊಂದಕ್ಕೆ ಚಾಕಿ ತರುವ ಮೊದಲು ಹುಳು ಮನೆಯನ್ನು ಸೋಂಕು ಕಳೆದು ಸಜ್ಜು ಮಾಡಬೇಕು. ಗೋಡೆ, ನೆಲ, ತಟ್ಟೆ, ಚಂದ್ರಿಕೆ ಎಲ್ಲವನ್ನೂ ತೊಳೆದು, ನೂರಕ್ಕೆ ಎರಡರಷ್ಟು ಬ್ಲೀಚಿಂಗ್ ಪೌಡರನ್ನು ಸುಣ್ಣದ ನೀರಿನಲ್ಲಿ ಕಲಸಿ ಸಿಂಪಡಿಸುತ್ತಾರೆ. ಅಲ್ಲಿ ಒಂದು ಸೂಕ್ಷ್ಮಜೀವಿ ಉಳಿದರೂ ಸುಣ್ಣಕಟ್ಟೋ ಹಾಲುತೊಂಡೆಯೋ ಬಂದು ಇಡೀ ಬೆಳೆ ಕೈಬಿಡುತ್ತದೆ. ಆ ಕಷ್ಟ ಕಂಡವರು ಮೀನಿನ ಟ್ಯಾಂಕನ್ನೂ ಹಾಗೆಯೇ ಉಜ್ಜುತ್ತಾರೆ, ಕೆಲವರು ಅದೇ ಬ್ಲೀಚಿಂಗ್ ಪೌಡರ್ ಹಾಕಿಯೇ ಉಜ್ಜುತ್ತಾರೆ. ರೇಷ್ಮೆ ಹುಳು ಒಣಗಿದ ತಟ್ಟೆಯ ಮೇಲೆ ಸೊಪ್ಪು ತಿಂದು ಹಿಕ್ಕೆ ಹಾಕುತ್ತದೆ, ನೀವು ಹಿಕ್ಕೆಯನ್ನು ಬಲೆ ಎತ್ತಿ ತೆಗೆದು ಹೊರಗೆ ಹಾಕುತ್ತೀರಿ. ಮೀನಿನ ಹಿಕ್ಕೆ ಅದರ ಉಸಿರಿನಲ್ಲೇ ಕರಗಿರುತ್ತದೆ, ಅದನ್ನು ಬಲೆ ಹಾಕಿ ಎತ್ತಲಾಗುವುದಿಲ್ಲ. ಅದನ್ನು ಎತ್ತುವವರು ಆ ಸ್ಪಂಜಿನಲ್ಲಿರುವ ಕಂದು ಲೋಳೆಯ ನಿವಾಸಿಗಳು. ಒಳ್ಳೆಯ ರೇಷ್ಮೆ ಬೆಳೆಗಾರನ ಕೈಯಲ್ಲಿ ಮೀನು ಸಾಯುವುದಕ್ಕೆ ಅವನ ಒಳ್ಳೆಯತನವೇ ಕಾರಣ. ಸ್ಪಂಜು ಕಟ್ಟಿಕೊಂಡಾಗ ಟ್ಯಾಂಕಿನಿಂದಲೇ ತೆಗೆದ ನೀರಿನಲ್ಲಿ ಎರಡು ಸಲ ಮೆತ್ತಗೆ ಹಿಂಡಿದರೆ ಸಾಕು. ನಲ್ಲಿಯ ಕೆಳಗೆ ಹಿಡಿಯಬಾರದು.

ನೀರಿನ ಮೇಲೆ ಅಪವಾದ ಹೊರಿಸುವವರ ಗುಂಪು ಇನ್ನೊಂದು. "ನಮ್ ಬೋರ್ ನೀರು ಉಪ್ಪಣ್ಣ, ಮೀನು ನಿಲ್ಲಲ್ಲ." ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಜಿಲ್ಲೆ ನಮ್ಮದು, ಫ್ಲೋರೈಡ್ ಕಾಟ ಹಳೆಯದು, ನೀರು ಗಡುಸು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಗಪ್ಪಿ, ಮೊಲ್ಲಿ, ಪ್ಲಾಟಿ ಜಾತಿಯ ಮೀನುಗಳಿಗೆ ಗಡುಸು ನೀರೇ ಒಗ್ಗುತ್ತದೆ, ಗೋಲ್ಡ್‌ಫಿಶ್ಶಿಗೂ ಅಡ್ಡಿಯಿಲ್ಲ. ಗಡುಸು ನೀರಿನ ನಿಜವಾದ ತೊಡಕು ಬೇರೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಒಂದು ಅಷ್ಟಾಗಿ ಕೆಡುಕಿಲ್ಲದ್ದು, ಇನ್ನೊಂದು ಕೊಲ್ಲುವುದು. ಪಿ.ಎಚ್. 7 ಇದ್ದಾಗ ಕೊಲ್ಲುವ ರೂಪ ನೂರಕ್ಕೆ ಒಂದಕ್ಕಿಂತ ಕಡಿಮೆ, 8ಕ್ಕೆ ಏರಿದರೆ ಸುಮಾರು ಐದು, 8.5 ಆದರೆ ಹದಿನೈದರ ಹತ್ತಿರ. ಕೊಳವೆಬಾವಿಯಿಂದ ಆಗ ತಾನೇ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಪಿ.ಎಚ್. ಕಡಿಮೆ ತೋರುತ್ತದೆ, ಗುಳ್ಳೆ ಬಿಟ್ಟು ರಾತ್ರಿ ಇಟ್ಟರೆ ಏರುತ್ತದೆ. ಅಂದರೆ ಸೈಕಲ್ ಆಗದ ಟ್ಯಾಂಕಿನಲ್ಲಿ ಮೀನು ಬಿಡುವ ತಪ್ಪಿಗೆ ಬೆಟ್ಟದ ತಪ್ಪಲಿನ ಮಳೆನೀರಿನ ಊರಿನಲ್ಲಿ ಸಿಗಬಹುದಾದ ಮಾಫಿ ನಮ್ಮ ಊರಿನಲ್ಲಿ ಸಿಗುವುದಿಲ್ಲ. ಅದೇ ಗಡುಸು ನೀರು ಸೈಕಲ್ ಮಾಡುವವನಿಗೆ ವರ. ಬ್ಯಾಕ್ಟೀರಿಯಾ ಒಂದು ಮಿಲಿಗ್ರಾಂ ಅಮೋನಿಯಾ-ಸಾರಜನಕವನ್ನು ಅರಗಿಸಲು ಏಳು ಮಿಲಿಗ್ರಾಮಿನಷ್ಟು ಕ್ಷಾರವನ್ನು ಖರ್ಚು ಮಾಡುತ್ತದೆ, ನಮ್ಮ ನೀರಿನಲ್ಲಿ ಕ್ಷಾರಕ್ಕೆ ಬರವಿಲ್ಲ.

ಇದನ್ನು ಅರಿಯದೆ ಕೆಲವರು ಊರಿನ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಕ್ಯಾನು ಹೊತ್ತುಕೊಂಡು ಹೋಗುತ್ತಾರೆ. ಮಕ್ಕಳಿಗೆ ಕೊಡುವ ನೀರನ್ನೇ ಮೀನಿಗೂ ಕೊಟ್ಟೆವು ಎಂಬ ಸಮಾಧಾನ. ಫ್ಲೋರೈಡನ್ನು ತೆಗೆಯುವ ಆ ಯಂತ್ರ ಕ್ಷಾರವನ್ನೂ ತೆಗೆದಿರುತ್ತದೆ. ಅಂಥ ನೀರಿನಲ್ಲಿ ಬ್ಯಾಕ್ಟೀರಿಯಾ ನಾಲ್ಕು ದಿನ ಕೆಲಸ ಮಾಡಿದರೆ ಕ್ಷಾರ ಮುಗಿದು ಪಿ.ಎಚ್. ಕುಸಿಯುತ್ತದೆ, 6ರ ಕೆಳಗೆ ಕೆಲಸ ನಿಂತೇ ಹೋಗುತ್ತದೆ. ಮನುಷ್ಯರಿಗೆ ಆ ನೀರು ಬೇಕು, ಮೀನಿಗೆ ಬೇಡ. ನಗರಸಭೆಯ ನಲ್ಲಿ ನೀರಾದರೆ, ಚಿಕ್ಕಬಳ್ಳಾಪುರಕ್ಕೆ ಜಕ್ಕಲಮಡುಗಿನಿಂದ ಬರುವಂಥದ್ದು, ಕ್ಲೋರಿನ್ ಹೋಗುವವರೆಗೆ ಒಂದು ದಿನ ತೆರೆದ ಬಕೆಟ್ಟಿನಲ್ಲಿ ಇಡಬೇಕು. ಇನ್ನೊಂದು ಎಚ್ಚರಿಕೆ ತೋಟದ ಬೋರಿನವರಿಗೆ: ಗೊಬ್ಬರ ಇಳಿದ ಅಂತರ್ಜಲದಲ್ಲಿ ನೈಟ್ರೇಟ್ ಮೊದಲೇ ಇರುತ್ತದೆ. ಎರಡನೇ ದಿನವೇ ಪರೀಕ್ಷೆಯ ಪಟ್ಟಿ ನೈಟ್ರೇಟ್ ತೋರಿಸಿದರೆ ಸೈಕಲ್ ಮುಗಿಯಿತೆಂದು ಕುಣಿಯಬೇಡಿ, ಮೊದಲು ಬೋರಿನ ನೀರನ್ನೇ ಪರೀಕ್ಷಿಸಿ ನೋಡಿ.

"ನಮ್ಮಜ್ಜನ ಬಾವೀಲಿ ಮೀನಿದ್ವು, ಅವ್ರ್ಯಾವ ಸೈಕಲ್ ಮಾಡಿದ್ರು?" ಈ ಪ್ರಶ್ನೆ ಕೇಳುವವರು ಗೆದ್ದೆವೆಂಬಂತೆ ನಗುತ್ತಾರೆ. ಅಜ್ಜನ ಬಾವಿಯಲ್ಲಿ ಸಾವಿರಾರು ಲೀಟರ್ ನೀರಿತ್ತು, ಹತ್ತಾರು ಮೀನಿತ್ತು, ಆ ಮೀನಿಗೆ ಯಾರೂ ದಿನಕ್ಕೆ ಮೂರು ಹೊತ್ತು ಉಣಿಸುತ್ತಿರಲಿಲ್ಲ. ಕಲ್ಲುಕಟ್ಟಡದ ಒಂದೊಂದು ಸಂದಿಯಲ್ಲೂ ಪಾಚಿ ಹಬ್ಬಿತ್ತು. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಶೃಂಗಿ ತೀರ್ಥದ ಮೆಟ್ಟಿಲುಗಳನ್ನು ನೋಡಿ. ನೂರಾರು ವರ್ಷ ನೀರು ಕುಡಿದ ಕಲ್ಲುಗಳವು. ಅಜ್ಜನ ಬಾವಿ ಅಜ್ಜನಿಗಿಂತ ಮೊದಲೇ ಸೈಕಲ್ ಆಗಿತ್ತು. ಬಾವಿಯ ನ್ಯಾಯವನ್ನು ಐವತ್ತು ಲೀಟರ್ ಗಾಜಿನ ಪೆಟ್ಟಿಗೆಗೆ, ಅದಕ್ಕಿಂತ ಹೀನಾಯವಾಗಿ ನಾಲ್ಕು ಲೀಟರಿನ ದುಂಡು ಬೋಗುಣಿಗೆ ತಂದು ಹೊರಿಸಬಾರದು.

ನೀರು ಕಣ್ಣಿಗೆ ತಿಳಿಯಾಗಿದ್ದರೆ ಚೆನ್ನಾಗಿದೆ ಎನ್ನುವ ನಂಬಿಕೆ ದೃಷ್ಟಿಯ ನಂಬಿಕೆಗಿಂತ ಗಟ್ಟಿ, ಓದಿದವರೂ ಇದಕ್ಕೆ ಬಲಿಯಾಗುತ್ತಾರೆ. ಅಮೋನಿಯಾಕ್ಕೂ ನೈಟ್ರೈಟಿಗೂ ಬಣ್ಣವಿಲ್ಲ. ಕೊಲ್ಲುವ ನೀರು ಸ್ಫಟಿಕದಂತೆ ಹೊಳೆಯುತ್ತಿರುತ್ತದೆ. ಇದನ್ನು ನಮ್ಮ ಜಿಲ್ಲೆಗೆ ವಿವರಿಸಿ ಹೇಳಬೇಕೇ? ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಎಚ್.ಎನ್. ವ್ಯಾಲಿ ಯೋಜನೆ ಬಂದಾಗಿನಿಂದ ಚಹಾದಂಗಡಿಯಲ್ಲೂ ಕೇಳುವ ಮಾತು ಒಂದೇ: ನೀರು ನೋಡೋಕೆ ತಿಳಿಯಾಗಿದೆ ಸರಿ, ಒಳಗೇನಿದೆ? ಚಿಕ್ಕಬಳ್ಳಾಪುರದ ಕಂದವಾರ ಕೆರೆ ತುಂಬಿದಾಗ ಒಬ್ಬರು ಬಾಗಿನ ಬಿಡೋಣ ಎಂದರೆ ಇನ್ನೊಬ್ಬರು ಮೂರನೇ ಹಂತದ ಶುದ್ಧೀಕರಣ ಎಲ್ಲಿ ಎಂದರು. ಪಕ್ಕದ ಕೋಲಾರದಲ್ಲಿ 2018ರಲ್ಲಿ ಇಂಥದೇ ಇನ್ನೊಂದು ಯೋಜನೆಯಾದ ಕೆ.ಸಿ. ವ್ಯಾಲಿಯ ನೀರು ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆಗಟ್ಟಿದಾಗ ಪ್ರಕರಣ ಹೈಕೋರ್ಟಿನ ತನಕ ಹೋಯಿತು. ಅಷ್ಟು ದೊಡ್ಡ ಪ್ರಶ್ನೆ ಕೇಳುವ ಜನ, ಹಾಲ್‌ನಲ್ಲಿರುವ ಪುಟ್ಟ ಕೆರೆಯ ಮುಂದೆ ಕೂತಾಗ ಮಾತ್ರ ಕಣ್ಣನ್ನೇ ನಂಬುತ್ತಾರೆ. ಕೊಳಚೆ ಶುದ್ಧೀಕರಣ ಘಟಕದಲ್ಲೂ ಅಮೋನಿಯಾ ಅರಗಿಸುವವು ಇದೇ ಕುಲದ ಜೀವಿಗಳು. ಘಟಕ ಹೊಸದಾಗಿ ಶುರುವಾಗುವಾಗ ಹಳೆಯ ಘಟಕದಿಂದ ಜೀವಂತ ಕೆಸರನ್ನು ತಂದು ಹಾಕಿ, ಕೊಳಚೆಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡುವುದು ರೂಢಿ. ಮೊದಲ ದಿನವೇ ಪೂರ್ತಿ ಹೊರೆ ಹೊರಿಸಿ, ಕೆಟ್ಟರೆ ದೃಷ್ಟಿ ಎನ್ನುವ ಇಂಜಿನಿಯರನ್ನು ನಾವು ಒಪ್ಪುವುದಿಲ್ಲ.

ತಾಳ್ಮೆಯ ಮಾತು ಬಂದಾಗ ಎಲ್ಲರೂ ಮಕ್ಕಳನ್ನು ಮುಂದೆ ತರುತ್ತಾರೆ. "ಖಾಲಿ ಟ್ಯಾಂಕ್ ನೋಡ್ಕೊಂಡು ತಿಂಗಳು ಕೂರ್ತಾವಾ ಮಕ್ಳು?" ಕೂರುತ್ತವೆ. ಅಮೋನಿಯಾ ಪರೀಕ್ಷೆಯ ಕೊಳವೆಯಲ್ಲಿ ನೀರು ಹಳದಿಯಿಂದ ಹಸಿರಿಗೆ ತಿರುಗುವುದು, ವಾರ ಕಳೆದು ಮತ್ತೆ ಹಳದಿಗೆ ಬರುವುದು, ಆಗ ನೈಟ್ರೈಟಿನ ಕೊಳವೆ ನೇರಳೆಯಾಗುವುದು, ಇದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಲು ಹೇಳಿ. ಎಂಟನೇ ತರಗತಿಯ ಹುಡುಗಿಗೆ ಪಾಠದ ಸಾರಜನಕ ಚಕ್ರ ಕಣ್ಣ ಮುಂದೆ ತಿರುಗುತ್ತದೆ. ಕೂರದಿದ್ದರೂ ಚಿಂತೆಯಿಲ್ಲ. ಪ್ರಾಣಿ ಸಾಕುವುದನ್ನು ಮಕ್ಕಳಿಗೆ ಕಲಿಸುತ್ತೇವೆ ಎನ್ನುವವರು ವಾರವಾರ ಹೆಣ ಎತ್ತುವುದನ್ನು ಕಲಿಸುತ್ತಿದ್ದಾರೆ. ಸತ್ತರೆ ಒಳ್ಳೆಯದೇ ಆಯಿತು ಎಂಬ ಪಾಠವನ್ನೂ ಜೊತೆಗೆ ಸೇರಿಸುತ್ತಾರೆ.

ನ್ಯಾಯವಾಗಿ ಹೇಳಬೇಕೆಂದರೆ ಮೀನು ಬಿಟ್ಟುಕೊಂಡೇ ಸೈಕಲ್ ಮಾಡುವವರೂ ಇದ್ದಾರೆ. ಗಟ್ಟಿ ಜಾತಿಯ ಒಂದೆರಡು ಮೀನು, ಅರ್ಧ ಹೊಟ್ಟೆ ಆಹಾರ, ದಿನವೂ ಪರೀಕ್ಷೆ, ಅಮೋನಿಯಾ ಕಂಡ ದಿನ ಕಾಲು ಭಾಗ ಅಥವಾ ಅರ್ಧ ನೀರು ಬದಲು. ಇದು ನುರಿತವರ ಕೈಯಲ್ಲಿ ನಡೆಯುತ್ತದೆ. ಹೊಸಬರಿಗೆ ಅಂಗಡಿಯಲ್ಲಿ ಈ ಷರತ್ತುಗಳಲ್ಲಿ ಒಂದನ್ನೂ ಹೇಳುವುದಿಲ್ಲ, ಹತ್ತು ಮೀನು ಕಟ್ಟಿ ಕಳಿಸುತ್ತಾರೆ.

ಮೀನಿಲ್ಲದ ದಾರಿ ಸುಲಭ, ಅಗ್ಗ. ಟ್ಯಾಂಕು ತುಂಬಿ, ಸ್ಪಂಜ್ ಫಿಲ್ಟರಿಗೆ ಗಾಳಿ ಮೋಟಾರು ಕೊಟ್ಟು ಓಡಲು ಬಿಡಿ. ಅಮೋನಿಯಾಕ್ಕೆ ಅಮೋನಿಯಂ ಕ್ಲೋರೈಡ್ ಸಾಕು. ಕಲಾಯಿ ಹಾಕುವವರು ಬಳಸುತ್ತಿದ್ದ ನವಸಾಗರ ಇದೇ, ಆದರೆ ಕಲಬೆರಕೆಯ ಭಯವಿರುವುದರಿಂದ ಶಾಲೆ ಕಾಲೇಜುಗಳ ಲ್ಯಾಬಿಗೆ ರಾಸಾಯನಿಕ ಕೊಡುವ ಅಂಗಡಿಯಿಂದ ಶುದ್ಧವಾದದ್ದನ್ನು ತನ್ನಿ. ಹತ್ತು ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ, ಬಾಟಲಿಯ ಮೇಲೆ ದೊಡ್ಡದಾಗಿ ಹೆಸರು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಎರಡಡಿ ಟ್ಯಾಂಕಿಗೆ ಅದರಲ್ಲಿ 30 ಮಿಲಿಲೀಟರ್ ಹಾಕಿದರೆ ಲೀಟರಿಗೆ ಸುಮಾರು ಎರಡು ಮಿಲಿಗ್ರಾಂ ಅಮೋನಿಯಾ ಬರುತ್ತದೆ. ಅದು ಇಳಿದಾಗ ಮತ್ತೆ ಅಷ್ಟೇ ಹಾಕಿ. ಕೆಲವು ದಿನಗಳ ನಂತರ ನೈಟ್ರೈಟ್ ಏರುತ್ತದೆ, ಬಹಳ ದಿನ ಏರಿಯೇ ಇರುತ್ತದೆ, ಬೇಸರ ಬರುವುದು ಈ ಹಂತದಲ್ಲೇ. ಡಿಸೆಂಬರ್ ಜನವರಿಯ ನಂದಿ ಸೀಮೆಯ ಚಳಿಯಲ್ಲಿ ಇನ್ನೂ ತಡ, ನೀರು 25ರಿಂದ 28 ಡಿಗ್ರಿ ಇದ್ದರೆ ಬೇಗ. ಕೊನೆಗೊಂದು ದಿನ, ಹಾಕಿದ ಎರಡು ಮಿಲಿಗ್ರಾಂ 24 ಗಂಟೆಯಲ್ಲಿ ಪೂರ್ತಿ ಮಾಯವಾಗಿ, ನೈಟ್ರೈಟೂ ಸೊನ್ನೆ ತೋರಿಸುತ್ತದೆ. ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ ಮೀನು ತನ್ನಿ. ರಾಸಾಯನಿಕ ಬೇಡವೆನ್ನುವವರು ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನೇ ಖಾಲಿ ಟ್ಯಾಂಕಿಗೆ ಹಾಕಿ ಕೊಳೆಯಲು ಬಿಡಬಹುದು. ಶಿಡ್ಲಘಟ್ಟದವರಾದರೆ ರೀಲಿಂಗ್ ಆದ ಮೇಲೆ ಉಳಿಯುವ ರೇಷ್ಮೆ ಪ್ಯೂಪ ಒಂದೆರಡು ಸಾಕು, ನಾತಕ್ಕೆ ಮನೆಯವರು ಬೈದರೆ ನಾನು ಹೊಣೆಯಲ್ಲ.

ಇದಕ್ಕಿಂತ ಬೇಗ ಆಗುವ ದಾರಿಯೂ ಇದೆ, ಮೊಸರು ಮಾಡುವ ಮನೆಯಲ್ಲಿ ಯಾರಿಗೂ ಅದನ್ನು ಹೇಳಿಕೊಡಬೇಕಾಗಿಲ್ಲ. ಕಾಯಿಸಿದ ಹಾಲನ್ನು ಬರಿದೇ ಇಟ್ಟು ಮೊಸರಾಗಲಿ ಎಂದು ಕಾಯುವವರುಂಟೇ? ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತರುತ್ತೇವೆ. ವರ್ಷದಿಂದ ಆರೋಗ್ಯವಾಗಿ ನಡೆಯುತ್ತಿರುವ ಟ್ಯಾಂಕಿನ ಕೊಳಕು ಸ್ಪಂಜೇ ಹೊಸ ಟ್ಯಾಂಕಿನ ಹೆಪ್ಪು. ಒಣಗಲು ಬಿಡದೆ, ಅದೇ ಟ್ಯಾಂಕಿನ ನೀರಿನಲ್ಲಿ ಮುಳುಗಿಸಿ ತಂದು ನಿಮ್ಮ ಫಿಲ್ಟರಿಗೆ ಸೇರಿಸಿದರೆ ವಾರಗಳ ಕೆಲಸ ದಿನಗಳಿಗೆ ಇಳಿಯುತ್ತದೆ. ಕಾಯಿಲೆ ಬಿದ್ದ ಟ್ಯಾಂಕಿನದು ಮಾತ್ರ ಬೇಡ. ಹಳೆಯ ಟ್ಯಾಂಕಿನ ಬರೀ ನೀರು ತಂದರೆ ಪ್ರಯೋಜನ ಕಡಿಮೆ, ಆ ಜೀವಿಗಳು ನೀರಿನಲ್ಲಿ ತೇಲುವುದಕ್ಕಿಂತ ಮೇಲ್ಮೈಗೆ ಅಂಟಿ ಬದುಕುವಂಥವು.

ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾ? ಕೆಲವು ನಿಜವಾಗಿ ಕೆಲಸ ಮಾಡುತ್ತವೆ. ಬಿಸಿಲಿಗೆ ತೆರೆದ ಅಂಗಡಿಯ ಮುಂಭಾಗದಲ್ಲಿ ಬೇಸಿಗೆಯೆಲ್ಲ ಕೂತ ಬಾಟಲಿಯಲ್ಲಿ ಏನು ಉಳಿದಿದೆಯೆಂದು ಹಾಕಿ, ಪರೀಕ್ಷಿಸಿಯೇ ತಿಳಿಯಬೇಕು. ಅದನ್ನು ಹಾಕಿದ ಕೂಡಲೇ ಮೀನು ಬಿಡಬಹುದು ಎಂಬ ಭರವಸೆಯನ್ನು ನಂಬಬೇಡಿ. ಈ ಜೀವಿಗಳ ಬಗ್ಗೆ ವಿಜ್ಞಾನವೇ ಇನ್ನೂ ಕಲಿಯುತ್ತಿದೆ. ನೈಟ್ರೈಟನ್ನು ಅರಗಿಸುವುದು ನೈಟ್ರೊಬ್ಯಾಕ್ಟರ್ ಎಂದು ದಶಕಗಳ ಕಾಲ ಪುಸ್ತಕಗಳು ಹೇಳಿದವು. ಅಕ್ವೇರಿಯಂಗಳಲ್ಲಿ ಆ ಕೆಲಸ ನೈಟ್ರೊಸ್ಪೈರಾ ಕುಲದ್ದು ಎಂದು 1998ರಲ್ಲಿ ಹೋವನೆಕ್ ಮತ್ತು ಸಂಗಡಿಗರು ತೋರಿಸಿದರು. ಬ್ಯಾಕ್ಟೀರಿಯಾವೇ ಅಲ್ಲದ, ಆರ್ಕಿಯಾ ಎಂಬ ಬೇರೆಯೇ ವಂಶದ ಜೀವಿಯೊಂದು ಅಮೋನಿಯಾ ತಿನ್ನುವುದನ್ನು 2005ರಲ್ಲಿ ಪ್ರಕಟಿಸಿದಾಗ, ಅದು ಸಿಕ್ಕಿದ್ದು ಅಮೆರಿಕದ ಸಿಯಾಟಲ್ ಅಕ್ವೇರಿಯಮ್ಮಿನ ಒಂದು ಟ್ಯಾಂಕಿನಲ್ಲಿ. 2015ರಲ್ಲಿ ಅಮೋನಿಯಾದಿಂದ ನೈಟ್ರೇಟಿನವರೆಗೆ ಇಡೀ ಕೆಲಸವನ್ನು ಒಬ್ಬಂಟಿಯಾಗಿ ಮಾಡುವ ಜೀವಿಯೂ ಸಿಕ್ಕಿತು, ಅದರ ಒಂದು ನೆಲೆ ಮೀನು ಸಾಕಣೆಯ ಫಿಲ್ಟರ್. ಜಗತ್ತಿನ ಪ್ರಯೋಗಾಲಯಗಳು ಮೀನಿನ ಟ್ಯಾಂಕಿನ ಲೋಳೆಯನ್ನು ಕೆರೆದು ಹೊಸ ಜೀವಗಳನ್ನು ಕಂಡವು. ನಾವು ಅದನ್ನು ವಿಮ್ ಹಾಕಿ ಉಜ್ಜುತ್ತೇವೆ.

ಸೈಕಲ್ ಆದ ಟ್ಯಾಂಕನ್ನೂ ಕೊಲ್ಲುವ ಒಂದು ಅಭ್ಯಾಸವಿದೆ: ರಾತ್ರಿ ಮಲಗುವಾಗ ಫಿಲ್ಟರ್ ಆರಿಸುವುದು. ಸದ್ದು ಎಂದು ಕೆಲವರು, ಕರೆಂಟ್ ಬಿಲ್ ಎಂದು ಕೆಲವರು. ಐದು ವ್ಯಾಟಿನ ಗಾಳಿ ಮೋಟಾರು ತಿಂಗಳೆಲ್ಲ ಹಗಲು ರಾತ್ರಿ ಓಡಿದರೆ ನಾಲ್ಕು ಯೂನಿಟ್ಟೂ ಆಗುವುದಿಲ್ಲ. ಆಮ್ಲಜನಕವಿಲ್ಲದೆ ಸ್ಪಂಜಿನೊಳಗಿನ ಜೀವಿಗಳು ಸೊರಗುತ್ತವೆ, ಮುಚ್ಚಿದ ಡಬ್ಬಿಯ ಫಿಲ್ಟರಾದರೆ ಇನ್ನೂ ಬೇಗ. ಕರೆಂಟು ಹೆಚ್ಚು ಹೊತ್ತು ಹೋಗುವ ಊರಿನವರು ಬ್ಯಾಟರಿಯ ಗಾಳಿ ಮೋಟಾರು ಒಂದನ್ನು ಇಟ್ಟುಕೊಳ್ಳುವುದು ಲೇಸು. ಈಗಾಗಲೇ ಹೊಸ ಟ್ಯಾಂಕಿಗೆ ಮೀನು ಬಿಟ್ಟು ಇದನ್ನು ಓದುತ್ತಿರುವವರು ಇವತ್ತೇ ಆಹಾರ ನಿಲ್ಲಿಸಿ, ಮೂರನೇ ಒಂದು ಭಾಗ ನೀರನ್ನು ಅದೇ ಬಿಸಿಯ, ಕ್ಲೋರಿನ್ ಹೋದ ನೀರಿನಿಂದ ಬದಲಿಸಿ, ಗಾಳಿ ಹೆಚ್ಚಿಸಿ, ನಾಳೆಯೂ ಹಾಗೆಯೇ ಮಾಡಿ. ಜಲ್ಲಿಯನ್ನೂ ಸ್ಪಂಜನ್ನೂ ಮುಟ್ಟಬೇಡಿ.

ಉಳಿದದ್ದು ಮೀನು ಮಾರುವವರಿಗೆ. ನಿಮ್ಮ ವ್ಯಾಪಾರ ಕೆಡಿಸುವುದು ನನ್ನ ಉದ್ದೇಶವಲ್ಲ. ಗಿರಾಕಿ ಎರಡು ಮೂರು ಸಲ ಮೀನು ಸಾಯಿಸಿ, ಆಮೇಲೆ ಟ್ಯಾಂಕನ್ನು ಅಟ್ಟಕ್ಕೆ ಎಸೆಯುವುದರಿಂದ ನಿಮಗೂ ನಷ್ಟವೇ. ಅಟ್ಟದ ಮೇಲೆ ಧೂಳು ಹಿಡಿದ ಟ್ಯಾಂಕುಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ನಿಮ್ಮ ದೊಡ್ಡ ತೊಟ್ಟಿಗಳಲ್ಲಿ ನಾಲ್ಕು ಸ್ಪಂಜುಗಳನ್ನು ಸದಾ ಹೆಚ್ಚಿಗೆ ಓಡಿಸಿ ಇಟ್ಟುಕೊಳ್ಳಿ. ಟ್ಯಾಂಕು ಕೊಂಡವರಿಗೆ ಅದರಲ್ಲೊಂದನ್ನು ನೀರಿನ ಕವರಿನಲ್ಲಿ ಕಟ್ಟಿ ಕೊಡಿ, ಅದಕ್ಕೆ ಬೆಲೆ ಹಾಕಿ ದುಡ್ಡೂ ತೆಗೆದುಕೊಳ್ಳಿ. ಮೀನನ್ನು ಮಾತ್ರ ಆ ದಿನ ಕೊಡಬೇಡಿ.